ಇಲಿಯ ಯಕೃತ್ತಿನಲ್ಲಿ ಕಂಡದ್ದು: ಈದ ಹಸುವಿಗೂ ನಮಗೂ ಪಾಠ



ನಿಮ್ಮ ಸೀಮೆಹಸು ಕರು ಹಾಕಿ ಹತ್ತು ಹನ್ನೆರಡು ದಿನವಾಗಿದೆ ಎಂದಿಟ್ಟುಕೊಳ್ಳಿ. ಗಬ್ಬದಲ್ಲಿ ಚೆನ್ನಾಗಿ ಮೈ ತುಂಬಿಕೊಂಡಿದ್ದ ಹಸು. ಈದ ಮೊದಲ ವಾರ ಹಾಲೂ ಚೆನ್ನಾಗಿಯೇ ಕೊಟ್ಟಿತು. ಈಗ ಹಿಂಡಿ, ಬೂಸಾ ಮುಂದಿಟ್ಟರೆ ಮೂಸಿ ಮುಖ ತಿರುಗಿಸುತ್ತದೆ. ಒಣಹುಲ್ಲನ್ನು ಮಾತ್ರ ಎಳೆದು ತಿನ್ನುತ್ತದೆ. ಹಾಲು ದಿನದಿಂದ ದಿನಕ್ಕೆ ಇಳಿಯುತ್ತಿದೆ. ಆದರೆ ಡೇರಿಯಲ್ಲಿ ಫ್ಯಾಟ್ ಮಾತ್ರ ಎಂದಿಗಿಂತ ಹೆಚ್ಚು ಬರುತ್ತಿದೆ. ಜ್ವರವಿಲ್ಲ, ಕೆಚ್ಚಲು ಬಾವಿಲ್ಲ. ಮನೆಯವರು ದೃಷ್ಟಿಯಾಗಿದೆ ಎಂದು ನಿವಾಳಿಸಿ ಸುಮ್ಮನಾಗುತ್ತಾರೆ.

ಅದೇ ಮನೆಯ ಯಜಮಾನರಿಗೆ ವಯಸ್ಸು ಐವತ್ತು. ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ. ಬೇರೇನೂ ತೊಂದರೆಯಿಲ್ಲ. ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ವೈದ್ಯರು ‘ಲಿವರ್‌ನಲ್ಲಿ ಕೊಬ್ಬು ಸೇರಿದೆ, ಸಕ್ಕರೆಯೂ ಗಡಿಯಲ್ಲಿದೆ’ ಎನ್ನುತ್ತಾರೆ. ನೋವಿಲ್ಲದ ಕಾಯಿಲೆಗೆ ಔಷಧಿ ಏಕೆ ಎಂದು ಇವರೂ ಸುಮ್ಮನಾಗುತ್ತಾರೆ.

ಹಸುವಿನ ಕಾಯಿಲೆ ಬೇರೆ, ಯಜಮಾನರ ಕಾಯಿಲೆ ಬೇರೆ. ಆದರೆ ಎರಡೂ ಕಡೆ ಪೆಟ್ಟು ತಿನ್ನುತ್ತಿರುವ ಅಂಗ ಒಂದೇ, ಯಕೃತ್ತು. ಎರಡೂ ಕಡೆ ಕಾಯಿಲೆ ಮೊದಮೊದಲು ಸದ್ದಿಲ್ಲದೆ ಬೆಳೆಯುತ್ತದೆ. ಒಳಗೆ ನಡೆಯುವುದೇನು ಎಂಬುದನ್ನು ಬದುಕಿರುವ ಮನುಷ್ಯನಲ್ಲಿ ಹಂತಹಂತವಾಗಿ ತೆಗೆದು ನೋಡಲು ಆಗುವುದಿಲ್ಲ. ಹಾಗೆ ನೋಡಿ ತಿಳಿದದ್ದು ಬಹುಮಟ್ಟಿಗೆ ಪ್ರಯೋಗಶಾಲೆಯ ಇಲಿಗಳಿಂದ. ಅಲ್ಲಿ ಕಂಡದ್ದೇನು, ಅದರಿಂದ ನಾವು ಕೊಟ್ಟಿಗೆಯಲ್ಲೂ ಮನೆಯಲ್ಲೂ ಕಲಿಯಬೇಕಾದ್ದೇನು ಎಂಬುದನ್ನು ಈ ಲೇಖನದಲ್ಲಿ ತಿಳಿಸಲು ಪ್ರಯತ್ನಿಸಿದ್ದೇವೆ.

ಎರಡು ಅಂಗಗಳು, ಎರಡು ಕೆಲಸ

ಯಕೃತ್ತನ್ನು ಆಡುಮಾತಿನಲ್ಲಿ ಈಲಿ ಎನ್ನುವುದುಂಟು. ಕುರಿ ಕೊಯ್ದಾಗ ಕಾಣುವ ಕಡುಗೆಂಪು ಬಣ್ಣದ, ನುಣುಪಾದ, ಅಂಚು ಚೂಪಾದ ಅಂಗವೇ ಅದು. ಕರುಳಿನಿಂದ ಹೀರಿಬಂದ ಆಹಾರದ ಸತ್ವದಲ್ಲಿ ಬಹುಪಾಲು ಮೊದಲು ಯಕೃತ್ತಿಗೆ ಬರುತ್ತದೆ. ಅದು ಸಕ್ಕರೆಯನ್ನು ಕೂಡಿಡುತ್ತದೆ, ಬೇಕಾದಾಗ ರಕ್ತಕ್ಕೆ ಬಿಡುತ್ತದೆ. ಕೊಬ್ಬನ್ನು ಉರಿಸುತ್ತದೆ ಇಲ್ಲವೇ ಹದಮಾಡಿ ಬೇರೆ ಕಡೆಗೆ ಕಳುಹಿಸುತ್ತದೆ. ವಿಷವನ್ನು ಮುರಿಯುತ್ತದೆ.

ಮೇದೋಜ್ಜೀರಕ ಗ್ರಂಥಿ ಜಠರದ ಹಿಂದೆ ಅಡಗಿರುವ ತಿಳಿ ಬಣ್ಣದ ಗ್ರಂಥಿ. ಅದರ ಹೆಚ್ಚಿನ ಭಾಗ ಜೀರ್ಣರಸವನ್ನು ತಯಾರಿಸುತ್ತದೆ. ಆ ಭಾಗದ ನಡುನಡುವೆ ಚಿಕ್ಕ ಚಿಕ್ಕ ಕಣಗುಂಪುಗಳು ಹರಡಿವೆ. 1869ರಲ್ಲಿ ಇವನ್ನು ಗುರುತಿಸಿದ ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್ ಅವರ ಹೆಸರಿನಲ್ಲೇ ಇವನ್ನು ಕರೆಯುತ್ತಾರೆ. ಇಡೀ ಗ್ರಂಥಿಯಲ್ಲಿ ಇವುಗಳ ಪಾಲು ನೂರಕ್ಕೆ ಒಂದೆರಡು ಮಾತ್ರ. ಆದರೆ ಇನ್ಸುಲಿನ್ ಬರುವುದು ಇವುಗಳಲ್ಲಿರುವ ಬೀಟಾ ಕಣಗಳಿಂದ. 1889ರಲ್ಲಿ ಜರ್ಮನಿಯಲ್ಲಿ ನಾಯಿಯೊಂದರ ಈ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂದಿತು. 1921ರಲ್ಲಿ ಕೆನಡಾದ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಗ್ರಂಥಿಯ ಸಾರವನ್ನು ನಾಯಿಗಳಿಗೆ ಚುಚ್ಚಿ ಸಕ್ಕರೆ ಇಳಿಸಿ ತೋರಿಸಿದರು. ಇಂದು ಲಕ್ಷಾಂತರ ಜನರನ್ನು ಉಳಿಸುತ್ತಿರುವ ಔಷಧಿಯ ಹಿಂದೆ ಪ್ರಾಣಿಗಳ ಋಣವಿದೆ ಎಂಬುದನ್ನು ಮರೆಯಬಾರದು.

ಇನ್ಸುಲಿನ್ ಬೀಗದ ಕೈ ಇದ್ದಂತೆ. ಅದು ಮಾಂಸಖಂಡದ ಬಾಗಿಲು ತೆರೆದರೆ ರಕ್ತದ ಸಕ್ಕರೆ ಒಳಗೆ ಹೋಗುತ್ತದೆ. ಕೊಬ್ಬಿನ ಉಗ್ರಾಣದ ಬಾಗಿಲನ್ನು ಮುಚ್ಚಿಡುವುದೂ ಅದೇ. ಬೀಗಕ್ಕೆ ತುಕ್ಕು ಹಿಡಿದರೆ ಕೈ ತಿರುಗುವುದಿಲ್ಲ. ಆಗ ಗ್ರಂಥಿ ಇನ್ನೂ ಹೆಚ್ಚು ಇನ್ಸುಲಿನ್ ಸುರಿಸುತ್ತದೆ. ಸೊಂಟದ ಸುತ್ತಳತೆ ಹೆಚ್ಚುವುದು, ರಕ್ತದೊತ್ತಡ ಏರುವುದು, ರಕ್ತದಲ್ಲಿ ಸಕ್ಕರೆ ಏರುವುದು, ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರುವುದು, ಒಳ್ಳೆಯ ಕೊಲೆಸ್ಟರಾಲ್ ಇಳಿಯುವುದು, ಈ ಐದರಲ್ಲಿ ಮೂರು ಒಬ್ಬರಲ್ಲೇ ಕಂಡರೆ ವೈದ್ಯರು ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಕನ್ನಡದಲ್ಲಿ ಚಯಾಪಚಯ ದೋಷಗಳ ಗುಂಪು ಎನ್ನಬಹುದು. ಇವು ಜೊತೆಜೊತೆಗೆ ಬರುವುದನ್ನು, ಅದರ ಹಿಂದೆ ಇನ್ಸುಲಿನ್‌ಗೆ ಮೈ ಜಗ್ಗದಿರುವ ಸ್ಥಿತಿ ಇರುವುದನ್ನು 1988ರಲ್ಲಿ ಅಮೆರಿಕದ ಡಾ. ಜೆರಾಲ್ಡ್ ರೀವನ್ ವಿವರಿಸಿದರು.

ಹೈದರಾಬಾದಿನ ದಪ್ಪ ಇಲಿಗಳು

ಈ ಸ್ಥಿತಿಯನ್ನು ಇಲಿಯಲ್ಲಿ ತರುವುದು ಕಷ್ಟವೇನಲ್ಲ. ಆಹಾರದಲ್ಲಿ ಕೊಬ್ಬನ್ನು ಹೆಚ್ಚಿಸುತ್ತಾರೆ, ಇಲ್ಲವೇ ಕುಡಿಯುವ ನೀರಿಗೆ ಫ್ರಕ್ಟೋಸ್ ಎಂಬ ಸಕ್ಕರೆ ಬೆರೆಸುತ್ತಾರೆ. ನಾವು ತಿನ್ನುವ ಸಕ್ಕರೆಯಲ್ಲಿ ಅರ್ಧ ಭಾಗ ಫ್ರಕ್ಟೋಸ್ ಆಗಿರುತ್ತದೆ. ಇದರ ಬಹುಪಾಲನ್ನು ಯಕೃತ್ತೇ ನಿಭಾಯಿಸಬೇಕು. ಹೆಚ್ಚಾದದ್ದನ್ನು ಅದು ಕೊಬ್ಬಾಗಿ ಮಾರ್ಪಡಿಸುತ್ತದೆ. ಕೆಲವೇ ವಾರಗಳಲ್ಲಿ ಇಲಿಯ ರಕ್ತದಲ್ಲಿ ಕೊಬ್ಬು ಏರುತ್ತದೆ, ಇನ್ಸುಲಿನ್ ಏರುತ್ತದೆ.

ನಮ್ಮ ದೇಶದಲ್ಲೇ ಸಿಕ್ಕ ಇನ್ನೊಂದು ಉದಾಹರಣೆಯಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ವಿಸ್ಟರ್ ಜಾತಿಯ ಇಲಿಗಳನ್ನು ದಶಕಗಳಿಂದ ಸಾಕುತ್ತ ಬಂದಿದ್ದಾರೆ. ಆ ಇಲಿಗಳ ನಡುವೆ ತಾನೇ ತಾನಾಗಿ ಹುಟ್ಟಿದ ಬೊಜ್ಜಿನ ತಳಿಯೊಂದನ್ನು ಅಲ್ಲಿನ ವಿಜ್ಞಾನಿಗಳು 1996ರಲ್ಲಿ ವರದಿ ಮಾಡಿದರು. ಇವಕ್ಕೆ ವಿಶೇಷ ಆಹಾರ ಕೊಟ್ಟಿರಲಿಲ್ಲ. ಅಕ್ಕಪಕ್ಕದ ಇಲಿಗಳು ತಿನ್ನುವ ಆಹಾರವನ್ನೇ ಇವು ಅತಿಯಾಗಿ ತಿಂದು ಎಳವೆಯಲ್ಲೇ ಉಬ್ಬತೊಡಗಿದವು. ಸಾಮಾನ್ಯ ಗಂಡಿಲಿ ಅರ್ಧ ಕಿಲೋ ಆಸುಪಾಸು ತೂಗಿದರೆ ಇವುಗಳಲ್ಲಿ ಒಂದು ಕಿಲೋ ದಾಟಿದವೂ ಇವೆ. ರಕ್ತದಲ್ಲಿ ಇನ್ಸುಲಿನ್, ಕೊಲೆಸ್ಟರಾಲ್, ಟ್ರೈಗ್ಲಿಸರೈಡ್ ಮೂರೂ ಹೆಚ್ಚು. ಇವುಗಳಿಗೆ ಮರಿಯೂ ಆಗುವುದಿಲ್ಲ. ಮೈ ತುಂಬಿದ್ದೆಲ್ಲ ಆರೋಗ್ಯವಲ್ಲ ಎಂಬುದನ್ನು ಇವು ಒಂದೇ ನೋಟಕ್ಕೆ ತೋರಿಸುತ್ತವೆ.

ಪ್ರಾಣಿಗಳ ಮೇಲಿನ ಪ್ರಯೋಗವನ್ನು ಮನಸ್ಸಿಗೆ ಬಂದಂತೆ ಮಾಡುವಂತಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಕೆಳಗೆ ಇದಕ್ಕಾಗಿಯೇ ಒಂದು ಸಮಿತಿ ಇದೆ.

ಯಕೃತ್ತಿನಲ್ಲಿ ಕಂಡದ್ದು

ಇಲಿಯ ಯಕೃತ್ತಿನ ಚೂರನ್ನು ಕಾಗದಕ್ಕಿಂತ ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆರೋಗ್ಯವಂತ ಇಲಿಯಲ್ಲಿ ಕಣಗಳು ಸಾಲುಸಾಲಾಗಿ, ಒತ್ತಾಗಿ ಕಾಣುತ್ತವೆ. ಕಾಯಿಲೆ ಬಿದ್ದ ಇಲಿಯಲ್ಲಿ ಬದಲಾವಣೆ ಹೀಗೆ ಸಾಗುತ್ತದೆ.

ಮೊದಲ ಹಂತದಲ್ಲಿ ಕಣಗಳ ಒಳಗೆ ಬಿಳಿಯ ತೂತುಗಳಂತೆ ಕಾಣುತ್ತವೆ. ಅವು ಕೊಬ್ಬಿನ ಹನಿಗಳು ಇದ್ದ ಜಾಗ. ಚೂರನ್ನು ತಯಾರಿಸುವಾಗ ಕೊಬ್ಬು ಕರಗಿಹೋಗಿ ಜಾಗ ಖಾಲಿಯಾಗಿ ಉಳಿಯುತ್ತದೆ. ಯಕೃತ್ತು ಕಡುಗೆಂಪು ಬಣ್ಣ ಕಳೆದುಕೊಂಡು ಹಳದಿಗೆ ತಿರುಗುತ್ತದೆ, ದಪ್ಪವಾಗುತ್ತದೆ. ಇಷ್ಟಾದರೂ ಇಲಿ ಓಡಾಡಿಕೊಂಡೇ ಇರುತ್ತದೆ.

ಎರಡನೇ ಹಂತದಲ್ಲಿ ಕೆಲವು ಕಣಗಳು ಬಲೂನಿನಂತೆ ಊದಿಕೊಂಡು ಸಾಯತೊಡಗುತ್ತವೆ. ಸತ್ತದ್ದನ್ನು ತೆಗೆಯಲು ಬಿಳಿ ರಕ್ತಕಣಗಳು ಬಂದು ಸೇರುತ್ತವೆ. ಇದು ಯಕೃತ್ತಿನ ಉರಿಯೂತ.

ಮೂರನೇ ಹಂತದಲ್ಲಿ ಗಾಯ ಮಾಯ್ದಲ್ಲಿ ಚರ್ಮ ಗಡುಸಾಗುವಂತೆ ಯಕೃತ್ತಿನಲ್ಲಿ ನಾರು ಬೆಳೆಯುತ್ತದೆ. ನಾರು ಹೆಚ್ಚಿದಂತೆ ರಕ್ತ ಹರಿಯುವ ದಾರಿ ಇಕ್ಕಟ್ಟಾಗುತ್ತದೆ. ಕೊನೆಗೆ ಯಕೃತ್ತು ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಮನುಷ್ಯರಲ್ಲಿ ಸಿರೋಸಿಸ್ ಎನ್ನುವುದು ಇದನ್ನೇ. ಹೆಂಡ ಕುಡಿಯದವರಿಗೂ ಇದು ಬರಬಹುದು.

ಮೇದೋಜ್ಜೀರಕದಲ್ಲಿ ಕಂಡದ್ದು

ಇಲ್ಲಿ ಮೊದಲ ನೋಟ ಮೋಸ ಮಾಡುತ್ತದೆ. ಇನ್ಸುಲಿನ್ ತಯಾರಿಸುವ ಕಣಗುಂಪುಗಳು ಮೊದಲು ಕುಗ್ಗುವುದಿಲ್ಲ, ಹಿಗ್ಗುತ್ತವೆ. ಮೈ ಜಗ್ಗದಿದ್ದಾಗ ಹೆಚ್ಚು ಇನ್ಸುಲಿನ್ ಸುರಿಸಲು ಅವು ದುಪ್ಪಟ್ಟು ದುಡಿಯುತ್ತಿರುತ್ತವೆ. ಈ ಕಾಲದಲ್ಲಿ ರಕ್ತದ ಸಕ್ಕರೆ ಪರೀಕ್ಷೆ ಸರಿಯಾಗಿಯೇ ಬರಬಹುದು. ಎರಡು ಎತ್ತಿನ ಗಾಡಿಯನ್ನು ಒಂದೇ ಎತ್ತು ಎಳೆಯುತ್ತಿದ್ದರೂ ಗಾಡಿ ಸಾಗುತ್ತಿರುವುದರಿಂದ ನಮಗೆ ತಿಳಿಯುವುದಿಲ್ಲ.

ತಿಂಗಳುಗಳು ಕಳೆದಂತೆ ಎತ್ತು ದಣಿಯುತ್ತದೆ. ಬೀಟಾ ಕಣಗಳು ಒಳಗೆ ಟೊಳ್ಳಾಗಿ ಒಂದೊಂದಾಗಿ ಸಾಯುತ್ತವೆ. ಕಣಗುಂಪಿನ ದುಂಡನೆಯ ಅಂಚು ಹರಿದಂತಾಗುತ್ತದೆ, ನಡುವೆ ನಾರು ನುಗ್ಗುತ್ತದೆ. ಜೀರ್ಣರಸ ತಯಾರಿಸುವ ಭಾಗಗಳ ನಡುವೆಯೂ ಕೊಬ್ಬಿನ ಕಣಗಳು ಬಂದು ಕೂರುತ್ತವೆ. ಆಗ ಇನ್ಸುಲಿನ್ ಸಾಲದೆ ಸಕ್ಕರೆ ಏರುತ್ತದೆ. ಅಂದರೆ ಸಕ್ಕರೆ ಕಾಯಿಲೆ ಎಂದು ತಿಳಿಯುವ ದಿನ ಕಾಯಿಲೆಯ ಮೊದಲ ದಿನವಲ್ಲ.

ಹಿಂದಕ್ಕೆ ತಿರುಗಬಹುದೇ?

ಈ ಪ್ರಯೋಗಗಳು ಹೇಳಿದ ಮುಖ್ಯ ಮಾತು ಇದೇ. ಕೊಬ್ಬಿನ ಹನಿಗಳಷ್ಟೇ ಇರುವ ಹಂತದಲ್ಲಿ ಇಲಿಯನ್ನು ಮತ್ತೆ ಸಾಧಾರಣ ಆಹಾರಕ್ಕೆ ತಂದರೆ ಯಕೃತ್ತಿನ ಕೊಬ್ಬು ಇಳಿಯುತ್ತದೆ. ನಾರು ಬೆಳೆದ ಮೇಲೆ ಅದು ಕರಗುವುದು ನಿಧಾನ, ಹೆಚ್ಚಾದರೆ ಪೂರ್ತಿ ಕರಗದು. ಸತ್ತ ಬೀಟಾ ಕಣಗಳು ಮತ್ತೆ ತುಂಬುವುದು ಇನ್ನೂ ಕಷ್ಟ. ಸುಮ್ಮನಿರುವ ಕಾಯಿಲೆ ಎಂದು ನಾವು ಸುಮ್ಮನಿರುವ ಕಾಲವೇ ಸರಿಪಡಿಸಿಕೊಳ್ಳುವ ಕಾಲ.

ಇಲಿಗೂ ಮನುಷ್ಯನಿಗೂ ವ್ಯತ್ಯಾಸವಿದೆ, ನಿಜ. ಇಲಿಯ ಆಯುಸ್ಸು ಎರಡು ಮೂರು ವರ್ಷ. ಅದರಲ್ಲಿ ವಾರಗಳಲ್ಲಿ ಆಗುವುದು ನಮ್ಮಲ್ಲಿ ವರ್ಷಗಟ್ಟಲೆ ಹಿಡಿಯುತ್ತದೆ. ಇಲಿಗೆ ಗುಣಕೊಟ್ಟ ಔಷಧಿಯೆಲ್ಲ ಮನುಷ್ಯನಿಗೆ ಗುಣ ಕೊಡುವುದಿಲ್ಲ. ಆದ್ದರಿಂದ ಪ್ರಯೋಗಶಾಲೆಯ ಮಾತನ್ನು ಜನರ ನಡುವೆಯೂ ಪರೀಕ್ಷಿಸಿ ನೋಡಬೇಕು. ಅಂಥ ಒಂದು ಕೆಲಸ ನಮ್ಮ ಮೈಸೂರಿನಲ್ಲೇ ನಡೆದಿದೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ನಮ್ಮ ಜನರಿಗೆ ಮಿಷನ್ ಆಸ್ಪತ್ರೆ ಎಂದೇ ಪರಿಚಿತ. ಅಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ಹಾಗೆ ಹುಟ್ಟಿ ದೊಡ್ಡವರಾದ 506 ಸ್ತ್ರೀಪುರುಷರನ್ನು ಹುಡುಕಿ ಪರೀಕ್ಷಿಸಿದ ವರದಿ 1998ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಗಿಡ್ಡವಾಗಿ ದುಂಡಗಿದ್ದವರಲ್ಲಿ, ತಾಯಿಯ ತೂಕ ಹೆಚ್ಚಿದ್ದವರಲ್ಲಿ ಮುಂದೆ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಂಡಿತು. ಮೇದೋಜ್ಜೀರಕದ ಬಲ ತಾಯಿಯ ಗರ್ಭದಿಂದಲೇ ನಿರ್ಧಾರವಾಗತೊಡಗುತ್ತದೆ ಎಂಬ ವಿಚಾರಕ್ಕೆ ಇದು ಪುಷ್ಟಿ ಕೊಟ್ಟಿತು. ಗಬ್ಬದ ಹಸುವಿನ ಮೇವನ್ನು ಲೆಕ್ಕ ಹಾಕುವ ನಾವು ಮನೆಯ ಗರ್ಭಿಣಿಯ ಊಟ, ತೂಕ, ಸಕ್ಕರೆ ಪರೀಕ್ಷೆಯ ಬಗ್ಗೆಯೂ ಅಷ್ಟೇ ಎಚ್ಚರ ವಹಿಸಬೇಡವೇ?

ಈಗ ಕೊಟ್ಟಿಗೆಗೆ ಬರೋಣ

ಹಸುವಿನ ಯಕೃತ್ತಿನಲ್ಲೂ ಕೊಬ್ಬು ಸೇರುತ್ತದೆ, ಆದರೆ ದಾರಿ ಬೇರೆ. ಇಲಿಯಲ್ಲಿ ಅತಿಯಾಗಿ ತಿಂದದ್ದು ಕಾರಣವಾದರೆ ಈದ ಹಸುವಿನಲ್ಲಿ ಸಾಕಷ್ಟು ತಿನ್ನಲಾಗದೆ ತನ್ನ ಮೈಯನ್ನೇ ಕರಗಿಸುವುದು ಕಾರಣ.

ಒಂದು ಲೀಟರ್ ಹಾಲು ಕೊಡಲು ಹಸುವಿಗೆ ಸುಮಾರು 70 ಗ್ರಾಂ ಗ್ಲೂಕೋಸ್ ಬೇಕು. ದಿನಕ್ಕೆ 15 ಲೀಟರ್ ಕೊಡುವ ಹಸುವಿಗೆ ಹಾಲಿಗಾಗಿಯೇ ಒಂದು ಕಿಲೋ ಬೇಕಾಯಿತು. ಮೆಲುಕು ಹಾಕುವ ಪ್ರಾಣಿಗಳಿಗೆ ಮೇವಿನಿಂದ ನೇರವಾಗಿ ಸಿಗುವ ಸಕ್ಕರೆ ಬಹಳ ಕಡಿಮೆ. ಮೇವು ಮೆಲುಕು ಚೀಲದಲ್ಲಿ ಹುಳಿತು ಬರುವ ಆಮ್ಲಗಳಿಂದ ಯಕೃತ್ತೇ ಗ್ಲೂಕೋಸನ್ನು ತಯಾರಿಸಬೇಕು. ಈದ ಹೊಸದರಲ್ಲಿ ಹಾಲು ಬೇಗ ಏರುತ್ತದೆ, ಹಸಿವು ನಿಧಾನವಾಗಿ ಏರುತ್ತದೆ. ಈ ಕೊರತೆ ತುಂಬಲು ಹಸು ಮೈಯ ಕೊಬ್ಬನ್ನು ಕರಗಿಸುತ್ತದೆ. ಸ್ವಲ್ಪ ಕರಗುವುದು ಸಹಜ. ಆದರೆ ಗಬ್ಬದಲ್ಲಿ ಅತಿಯಾಗಿ ಕೊಬ್ಬಿದ ಹಸು ಈದ ಮೇಲೆ ಇನ್ನೂ ಕಡಿಮೆ ತಿನ್ನುತ್ತದೆ. ಅದರ ಮೈಯೂ ಇನ್ಸುಲಿನ್‌ಗೆ ಸರಿಯಾಗಿ ಜಗ್ಗುವುದಿಲ್ಲ. ಕೊಬ್ಬಿನ ಉಗ್ರಾಣದ ಬಾಗಿಲು ಒಮ್ಮೆಲೇ ತೆರೆದುಕೊಂಡು ಕೊಬ್ಬು ಯಕೃತ್ತಿಗೆ ನುಗ್ಗುತ್ತದೆ. ಹಸುವಿನ ಯಕೃತ್ತಿಗೆ ಇಷ್ಟು ಕೊಬ್ಬನ್ನು ಹೊರಗೆ ಸಾಗಿಸುವ ಶಕ್ತಿ ಕಡಿಮೆ. ಅರ್ಧ ಉರಿದ ಕೊಬ್ಬು ಕೀಟೋನ್ ಎಂಬ ವಸ್ತುವಾಗಿ ರಕ್ತಕ್ಕೆ ಸೇರುತ್ತದೆ. ಇದೇ ಕೀಟೋಸಿಸ್.

ಮೊದಲು ಹೇಳಿದ ಹಸುವಿನ ಫ್ಯಾಟ್ ಏಕೆ ಏರಿತು ಎಂಬುದು ಈಗ ತಿಳಿಯಿತಲ್ಲವೇ? ಕರಗಿದ ಮೈಯ ಕೊಬ್ಬು ಹಾಲಿಗೂ ಇಳಿದಿದೆ. ಈದ ಮೂರು ವಾರದೊಳಗೆ ಹಾಲು ಇಳಿದು ಫ್ಯಾಟ್ ಏಕಾಏಕಿ ಏರಿದರೆ ಅದು ಸಂತೋಷಪಡುವ ಸಂಗತಿಯಲ್ಲ. ಡೇರಿಯ ಚೀಟಿ ನಿಮಗೆ ಕೊಡುತ್ತಿರುವ ಎಚ್ಚರಿಕೆ ಅದು.

ಗಮನಿಸಬೇಕಾದ ಇತರ ಲಕ್ಷಣಗಳು: ಪಶು ಆಹಾರ ಬಿಟ್ಟು ಒಣಹುಲ್ಲು ಮಾತ್ರ ತಿನ್ನುವುದು, ಬೇಗ ಬೇಗ ಮೈ ಇಳಿಯುವುದು, ಸಗಣಿ ಗಟ್ಟಿಯಾಗಿ ಲೋಳೆ ಸುತ್ತಿಕೊಂಡಿರುವುದು, ಉಸಿರು, ಗಂಜಲ, ಹಾಲಿನಲ್ಲಿ ಒಂದು ಬಗೆಯ ಸಿಹಿ ವಾಸನೆ, ಕೆಲವು ಹಸುಗಳಲ್ಲಿ ಗೋಡೆ, ಗೂಟ ನೆಕ್ಕುವುದು, ತೂರಾಡುವುದು. ಗಂಜಲದ ಪರೀಕ್ಷೆಯಿಂದ ಕೀಟೋನ್ ಇದೆಯೇ ಎಂದು ಪಶುವೈದ್ಯರು ಕೊಟ್ಟಿಗೆಯಲ್ಲೇ ನೋಡಬಲ್ಲರು.

ಮಾಡಬೇಕಾದ್ದು

1. ಗಬ್ಬದ ಹಸುವನ್ನು ಕೊಬ್ಬಿಸಬೇಡಿ, ಬಡವಾಗಿಸಲೂ ಬೇಡಿ. ಅಂಗೈಯಿಂದ ಸ್ವಲ್ಪ ಒತ್ತಿದರೆ ಪಕ್ಕೆಲುಬು ಸಿಗುವಂತಿರಬೇಕು. ಬಾಲದ ಬುಡದ ಎರಡೂ ಕಡೆ ಕೊಬ್ಬಿನ ಗುಪ್ಪೆ ಎದ್ದಿದ್ದರೆ ಹೆಚ್ಚಾಯಿತು ಎಂದು ತಿಳಿಯಿರಿ. ಕೊಬ್ಬಿದ ಹಸುವನ್ನು ಬತ್ತಿಸಿದ ಮೇಲೆ ಉಪವಾಸ ಹಾಕಿ ಇಳಿಸಲು ಹೋಗಬಾರದು. ಅದರಿಂದಲೂ ಕೊಬ್ಬು ಯಕೃತ್ತಿಗೆ ನುಗ್ಗುತ್ತದೆ. ಮೈಕಟ್ಟನ್ನು ಹಾಲು ಕೊಡುವ ಕಾಲದ ಕೊನೆಯ ತಿಂಗಳುಗಳಲ್ಲೇ ಸರಿಪಡಿಸಿಕೊಳ್ಳಬೇಕು.

2. ಈಯುವುದಕ್ಕೆ ಎರಡು ತಿಂಗಳು ಮುಂಚೆ ಹಾಲು ಬತ್ತಿಸಿ. ಗಬ್ಬದ 7ನೇ ತಿಂಗಳಿನಿಂದ ಮೈಕಟ್ಟು ನೋಡಿಕೊಂಡು ದಿನಕ್ಕೆ 1ರಿಂದ 2 ಕಿಲೋ ಸಮತೋಲನ ಪಶು ಆಹಾರ ಕೊಡಿ.

3. ಈದ ಮೇಲೆ ಪಶು ಆಹಾರವನ್ನು ಒಮ್ಮೆಲೇ ಸುರಿಯಬೇಡಿ. ಎರಡು ಮೂರು ದಿನಕ್ಕೊಮ್ಮೆ ಅರ್ಧ ಕಿಲೋದಂತೆ ಏರಿಸಿ. ಒಮ್ಮೆಲೇ ಹಾಕಿದರೆ ಹೊಟ್ಟೆ ಹುಳಿತು ಹಸು ಮೇವನ್ನೇ ಬಿಡುತ್ತದೆ. ಒಳ್ಳೆಯ ಹಸಿರು ಮೇವು, ಸದಾ ನೀರು ಮುಂದಿರಲಿ.

4. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಭತ್ತದ ಹುಲ್ಲು ಹೇರಳವಾಗಿದೆ. ಆದರೆ ಹೊಸದಾಗಿ ಈದ ಸೀಮೆಹಸುವಿಗೆ ಬರಿಯ ಭತ್ತದ ಹುಲ್ಲು ಸಾಲದು. ಹೊಟ್ಟೆ ತುಂಬುತ್ತದೆ, ಶಕ್ತಿ ತುಂಬುವುದಿಲ್ಲ. ಮುಸುಕಿನ ಜೋಳ, ಅಲಸಂದೆ, ನೇಪಿಯರ್ ಹುಲ್ಲಿಗೆ ಒಂದೆರಡು ಗುಂಟೆ ಮೀಸಲಿಡಿ.

5. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹೊಗೆಸೊಪ್ಪು ಬೆಳೆಗಾರರಲ್ಲಿ ಒಂದು ಮಾತು. ಸೊಪ್ಪು ಕೀಳುವ, ಬ್ಯಾರನ್‌ನಲ್ಲಿ ಹದ ಮಾಡುವ ತಿಂಗಳುಗಳಲ್ಲಿ ಮನೆಮಂದಿಗೆಲ್ಲ ಬಿಡುವಿರುವುದಿಲ್ಲ. ಆ ಸಮಯದಲ್ಲಿ ಈಯುವ ಹಸುವಿದ್ದರೆ ಮೇವು ಹಾಕುವ, ತಿಂದಿತೇ ಎಂದು ನೋಡುವ ಹೊಣೆಯನ್ನು ಮನೆಯಲ್ಲಿ ಒಬ್ಬರಿಗೆ ಗೊತ್ತುಮಾಡಿ. ಎಲ್ಲರೂ ನೋಡುತ್ತಾರೆಂದು ಯಾರೂ ನೋಡದಿರುವುದು ಬೇಡ.

6. ಕೀಟೋಸಿಸ್ ಬಂದ ಹಸುವಿಗೆ ಕೆಲವರು ಬೆಲ್ಲ ತಿನ್ನಿಸುತ್ತಾರೆ. ಬೆಲ್ಲದ ಸಕ್ಕರೆ ನೇರವಾಗಿ ರಕ್ತಕ್ಕೆ ಹೋಗದು, ಮೆಲುಕು ಚೀಲದಲ್ಲೇ ಹುಳಿತುಹೋಗುತ್ತದೆ. ಬೆಲ್ಲವನ್ನು ನಂಬಿ ದಿನ ಕಳೆಯಬೇಡಿ. ರಕ್ತನಾಳಕ್ಕೆ ಗ್ಲೂಕೋಸ್, ಬಾಯಿಗೆ ಪ್ರೊಪಿಲೀನ್ ಗ್ಲೈಕಾಲ್ ಇತ್ಯಾದಿ ಚಿಕಿತ್ಸೆಯನ್ನು ಪಶುವೈದ್ಯರು ನಿರ್ಧರಿಸುತ್ತಾರೆ. ಬೇಗ ಕರೆದರೆ ಹೆಚ್ಚಿನ ಹಸುಗಳು ಚೇತರಿಸಿಕೊಳ್ಳುತ್ತವೆ. ತಡವಾದರೆ ಆ ಸೂಲಿನ ಹಾಲೂ ಹೋಗುತ್ತದೆ, ಮತ್ತೆ ಗಬ್ಬ ಕಟ್ಟುವುದೂ ತಡವಾಗುತ್ತದೆ.

ನಿಮ್ಮ ಮೈಯ ಚೀಟಿಯನ್ನೂ ನೋಡಿಕೊಳ್ಳಿ

ಹಸುವಿನ ಫ್ಯಾಟ್ ಚೀಟಿಯನ್ನು ದಿನಕ್ಕೆ ಎರಡು ಬಾರಿ ನೋಡುವ ನಾವು ನಮ್ಮದನ್ನು ವರ್ಷಕ್ಕೊಮ್ಮೆಯೂ ನೋಡುವುದಿಲ್ಲ. ಒಂದು ಟೇಪು ತೆಗೆದುಕೊಂಡು ಸೊಂಟದ ಸುತ್ತಳತೆ ಅಳೆಯಿರಿ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ರಕ್ತದೊತ್ತಡ 130/85, ಬರಿಹೊಟ್ಟೆಯ ಸಕ್ಕರೆ 100, ಟ್ರೈಗ್ಲಿಸರೈಡ್ 150 ಮುಟ್ಟಿದ್ದರೆ ವೈದ್ಯರ ಸಲಹೆ ಪಡೆಯಿರಿ. 30 ವರ್ಷ ದಾಟಿದವರಿಗೆ ರಕ್ತದೊತ್ತಡ, ಸಕ್ಕರೆಯ ತಪಾಸಣೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾಡುತ್ತಾರೆ. ಯಕೃತ್ತಿನಲ್ಲಿ ಕೊಬ್ಬು ಸೇರುವ ಕಾಯಿಲೆಯನ್ನೂ ಕೇಂದ್ರ ಸರ್ಕಾರ 2021ರಲ್ಲಿ ತನ್ನ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ.

ಕೊಬ್ಬು ಸೇರಿದೆ ಎಂದಾಕ್ಷಣ ಗಾಬರಿ ಬೇಡ. ತೂಕ ಹೆಚ್ಚಿರುವವರು ಅದರಲ್ಲಿ ನೂರಕ್ಕೆ ಏಳರಿಂದ ಹತ್ತು ಭಾಗವನ್ನು ನಿಧಾನವಾಗಿ ಇಳಿಸಿಕೊಂಡರೆ ಯಕೃತ್ತು ಸಾಕಷ್ಟು ಸುಧಾರಿಸುತ್ತದೆ. ದಿನಕ್ಕೆ ಐದಾರು ಬಾರಿ ಕುಡಿಯುವ ಸಕ್ಕರೆ ತುಂಬಿದ ಕಾಫಿ, ಟೀ, ಬಾಟಲಿಯ ಸಿಹಿ ಪಾನೀಯ, ಬೇಕರಿ ತಿಂಡಿಗಳನ್ನು ಕಡಿಮೆ ಮಾಡಿ. ಅನ್ನವಾಗಲಿ, ಮುದ್ದೆಯಾಗಲಿ ಅಳತೆ ಮೀರದಿರಲಿ. ಸೊಪ್ಪು, ಕಾಳು ಹೆಚ್ಚಲಿ. ಹೆಂಡ ಬೇಡವೇ ಬೇಡ. ಟ್ರ್ಯಾಕ್ಟರ್, ಬೈಕು ಬಂದ ಮೇಲೆ ನಡಿಗೆ ಕಡಿಮೆಯಾಗಿದೆ. ದಿನಕ್ಕೆ ಅರ್ಧ ಗಂಟೆಯಾದರೂ ಬಿರುಸಾಗಿ ನಡೆಯಿರಿ. ಸಕ್ಕರೆ ಕಾಯಿಲೆಗೆ ಈಗಾಗಲೇ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಗಾಜಿನ ತುಂಡಿನ ಮೇಲಿನ ಇಲಿಯ ಯಕೃತ್ತು ವಿಜ್ಞಾನಿಗಳಿಗೆ ಹೇಳಿದ್ದು ಸರಳವಾದ ಮಾತು: ಮೊದಲ ಹಂತದಲ್ಲಿ ಕಂಡುಕೊಂಡರೆ ಹಿಂದಿರುಗುವ ದಾರಿ ಇದೆ. ಈದ ಹಸುವಿಗೆ ಆ ಕಾಲ ಮೂರು ವಾರ, ಮನುಷ್ಯನಿಗೆ ಕೆಲವು ವರ್ಷ. ಈ ವಾರ ನಿಮ್ಮ ಕೊಟ್ಟಿಗೆಯಲ್ಲಿ ಕರು ಹಾಕಿದ ಹಸುವಿದ್ದರೆ ಇಂದು ಸಂಜೆ ಅದು ಪಶು ಆಹಾರವನ್ನು ಪೂರ್ತಿ ತಿಂದಿತೇ ನೋಡಿ. ಬಿಟ್ಟಿದ್ದರೆ ನಾಳೆ ಬೆಳಿಗ್ಗೆ ಹಾಲು ಹಾಕಲು ಹೋದಾಗಲೇ ಸಂಘದ ಕಾರ್ಯದರ್ಶಿಯವರಿಗೆ ತಿಳಿಸಿ ಪಶುವೈದ್ಯರನ್ನು ಕರೆಸಿ.